ಫಾರಿನ್ನಲ್ಲಿ ರೂಮ್ ಹ್ಯಾಂಗೆ ಹುಡುಕ್ತೆ ಅಂತ ಕೇಳೋರಿಗೆ, ಇದೇ ಕೊನೇ ಸಲ

ಹೋದ ತಿಂಗಳು ಶಿರಸಿಲಿ ಒಂದು ಮದುವೆ ಊಟ. ಅಪ್ಪೆಹುಳಿ ಬಂದು ಹೋಗಿದೆ, ಹೋಳಿಗೆ ಮೇಲೆ ತುಪ್ಪ ಬೀಳ್ತಾ ಇದೆ, ಸರಿಯಾಗಿ ಆಗ್ಲೇ ಪಕ್ಕದ ಎಲೆಯಿಂದ ದೂರದ ಅತ್ತೆಯೊಬ್ರು ಶುರು ಮಾಡಿದ್ರು. "ತಂಗೀ, ನೀ ಫಾರಿನ್ನಿಗೆ ಹೋದಾಗ ಉಳಿಯಲೆ ರೂಮ್ ಹ್ಯಾಂಗೆ ಹುಡುಕ್ತೆ? ಎಂಗಕ್ಕೂ ಒಂಚೂರು ನೋಡಿಕೊಡೇ."

ಒಂಚೂರು. ಪಕ್ಕದ್ಮನೆಗೆ ಲೋಟ ಹಿಡ್ಕೊಂಡು ಹೆಪ್ಪು ಕೇಳೋಕೆ ಬಂದ ಹಾಗೆ. ಈ ಒಂಚೂರಲ್ಲಿ ನಂದು ನಾಲ್ಕು ಸಂಜೆ ಹೋಗತ್ತೆ, ಆಮೇಲೆ ಅವ್ರ ಅಳಿಯ "ಇದು ದುಬಾರಿ ಆತಲೇ" ಅಂತಾನೆ. ಹಂಗಾಗಿ ಬರ್ದು ಇಡ್ತೀನಿ, ಇನ್ನು ಕೇಳಿದೋರಿಗೆಲ್ಲ ಇದನ್ನೇ ಕಳ್ಸೋದು.

ಗುಟ್ಟೇನಿಲ್ಲ. ನಿಮ್ಮ ಫೋನಲ್ಲಿರೋ ಅದೇ ಬುಕಿಂಗ್ ಡಾಟ್ ಕಾಮ್, ಅದೇ ಏರ್‌ಬಿಎನ್‌ಬಿ. ಮೊದ್ಲು ಮ್ಯಾಪ್ ತೆಗೆದು ಸ್ಟೇಷನ್ನಿಂದ ಬ್ಯಾಗ್ ಎಳ್ಕೊಂಡು ನಡೆಯೋಷ್ಟು ದೂರದಲ್ಲಿ ಏನಿದೆ ನೋಡ್ತೀನಿ, ಆಮೇಲೆ ಹೊಗಳಿದ ರಿವ್ಯೂ ಎಲ್ಲ ಬಿಟ್ಟು ಬೈದಿರೋದನ್ನ ಮಾತ್ರ ಓದ್ತೀನಿ, ಅದ್ರಲ್ಲೂ ಈಚಿನ ಎರಡ್ಮೂರು ತಿಂಗಳದ್ದು. ತಿಂಡಿಗೆ ಕೊಟ್ಟ ಬೇಕನ್ ತಣ್ಣಗಿತ್ತು ಅಂತ ಬೈದಿದ್ರೆ ನನಗೇನಾಗ್ಬೇಕು, ನಾನು ತಿನ್ನೋದೇ ಇಲ್ಲ. ರಾತ್ರಿ ಹೋದ್ರೆ ಬಾಗಿಲು ತೆಗೆಯೋರೇ ಇರ್ಲಿಲ್ಲ ಅಂತ ಇದ್ರೆ ಮಾತ್ರ ಆ ಜಾಗ ಅಲ್ಲಿಗೇ ಬಿಟ್ಟೆ.

ಯುರೋಪಿನ ಸುಮಾರು ದೇಶಕ್ಕೆಲ್ಲ ಒಂದೇ ಸಾಕಾಗೋ ಶೆಂಗೆನ್ ವೀಸಾಕ್ಕೆ ಎಲ್ಲಿ ಉಳಿತೀರಿ ಅನ್ನೋದಕ್ಕೆ ಕಾಗದ ತೋರಿಸ್ಬೇಕು, 30,000 ಯೂರೋ ಕವರ್ ಇರೋ ಇನ್ಶೂರೆನ್ಸೂ ಬೇಕು, ಅದ್ಕೇ ವೀಸಾ ಬರೋವರೆಗೆ ಫ್ರೀ ಕ್ಯಾನ್ಸಲೇಶನ್ ಇರೋ ರೂಮೇ ಹಿಡೀತೀನಿ. ಆ ಕ್ಯಾನ್ಸಲ್ ಗಡುವು ಸಾಮಾನ್ಯವಾಗಿ ಆ ಊರಿನ ಟೈಮಲ್ಲಿರತ್ತೆ, ಶಿರಸಿ ಟೈಮಲ್ಲಲ್ಲ. ಕಾರ್ಡ್ ಉಜ್ಜುವಾಗ ಮಶೀನು ರೂಪಾಯಿಯೋ ಯೂರೋವೋ ಅಂತ ಕೇಳಿದ್ರೆ ಯೂರೋ ಒತ್ತಿ, ರೂಪಾಯಿ ಒತ್ತಿದ್ರೆ ಅವ್ರ ರೇಟಲ್ಲಿ ನುಣ್ಣಗೆ ಬೋಳಿಸ್ತಾರೆ. ರೋಮಲ್ಲಿ ತಲೆಗಿಷ್ಟು ರಾತ್ರಿಗಿಷ್ಟು ಅಂತ ಸಿಟಿ ಟ್ಯಾಕ್ಸ್ ಬೇರೆ ಕೇಳ್ತಾರೆ, ಅದು ಮೋಸ ಅಲ್ಲ, ಕೊಡ್ಬೇಕು. ಬಾತ್‌ರೂಮಲ್ಲಿ ನೀರಿನ ಜೆಟ್ ಹುಡುಕ್ಬೇಡಿ. ಇಟಲಿಲಿ ಆದ್ರೆ ಮನೆಗೊಂದು ಬಿಡೆ, ಅಂದ್ರೆ ಕೂತು ತೊಳ್ಕೊಳ್ಳೋ ತೊಟ್ಟಿ, ಇರ್ಲೇಬೇಕು ಅಂತ 1975ರಲ್ಲಿ ಕಾನೂನೇ ಮಾಡಿದಾರೆ, ಪುಣ್ಯಾತ್ಮರು. ಉಳಿದ ಕಡೆ ಚೊಂಬು ನೀವೇ ಒಯ್ಯಿ.

ಉತ್ತರ ಮುಗೀತು. ಆದ್ರೆ ಅತ್ತೆ ಮುಗ್ಸಕ್ಕೆ ಬಿಡ್ಬೇಕಲ್ಲ, "ಎಷ್ಟಾತು?" ಅಂದ್ರು. ಎಲ್ರದ್ದೂ ಎರಡನೇ ಪ್ರಶ್ನೆ ಇದೇ. ನನಗೆ ಆಗ ವಿಯೆನ್ನಾ ನೆನಪಾಯ್ತು, ಯಾಕಂದ್ರೆ ಅಲ್ಲೂ ನಾನು ರೇಟ್ ಒಂದೇ ನೋಡಿ ಬುಕ್ ಮಾಡಿದ್ದೆ.

ನವೆಂಬರ್, ಫ್ಲೈಟ್ ಲೇಟು, ನಾನು ಹೋಗಿ ನಿಂತಾಗ ರಾತ್ರಿ ಒಂಬತ್ತೂವರೆ. ಅಲ್ಲಿ ಪೆನ್ಸಿಯೋನ್ ಅಂತಾರೆ, ಹಳೇ ಕಟ್ಟಡದ ಯಾವ್ದೋ ಒಂದು ಮಹಡಿಲಿ ನಡೆಸೋ ಸಣ್ಣ ಲಾಡ್ಜು. ರಸ್ತೆ ಬಾಗಿಲಿಗೇ ಬೀಗ, ಪಕ್ಕದಲ್ಲಿ ಹಿತ್ತಾಳೆ ಪಟ್ಟಿ ತುಂಬ ಬೆಲ್ಲಿನ ಗುಂಡಿ, ಒತ್ತಿದ್ದೇ ಒತ್ತಿದ್ದು. ರಿಸೆಪ್ಶನ್ ಎಂಟಕ್ಕೆ ಮುಚ್ತೀವಿ, ತಡ ಆದ್ರೆ ಮೊದ್ಲೇ ತಿಳಿಸಿ ಅಂತ ಅವ್ರು ಕಳ್ಸಿದ್ದ ಮೇಲ್ ಸ್ಪ್ಯಾಮಲ್ಲಿ ಮಲಗಿತ್ತು. ನನ್ನ ಹತ್ರ ಅಲ್ಲಿನ ಸಿಮ್ ಇಲ್ಲ. ಇಡೀ ಬೀದಿಲಿ ಬೆಳಕಿದ್ದಿದ್ದು ಒಂದೇ ಕಡೆ, ಮೂಲೆಯ ಮಾಂಸದ ಸಾಸೇಜ್ ಗೂಡಂಗಡಿಲಿ. ಈರುಳ್ಳಿನೂ ಒಳಗೆ ಬರದ ಅಜ್ಜನ ಮನೇಲಿ ಬೆಳೆದ ಕೂಸು ಒಂದು ಗಂಟೆ ಆ ಹೊಗೆಲಿ ನಿಂತಿದ್ದೆ. ಅಂಗಡಿಯವ ತನ್ನ ಫೋನಲ್ಲೇ ಓನರಮ್ಮನಿಗೆ ಮೂರು ಸಲ ಹಚ್ಚಿದ, ನಾನು ಏನೂ ತಗೊಳ್ಳಲ್ಲ ಅಂತ ಗೊತ್ತಾದ್ಮೇಲೂ ಒಂದು ಬ್ರೆಡ್ಡು ಕೊಟ್ಟ. ಆಯಮ್ಮ ನೈಟಿ ಮೇಲೆ ಕೋಟ್ ಹಾಕ್ಕೊಂಡು ಬಂದು ಜರ್ಮನ್ನಲ್ಲಿ ಬೈದ್ಲು. ಬೈಗುಳಕ್ಕೆ ಭಾಷೆ ಬೇಕಾಗಲ್ಲ ಬಿಡಿ.

ರೂಮು ಎರಡನೇ ಮಹಡಿ ಅಂತ ಬರ್ದಿತ್ತು. ವಿಯೆನ್ನಾದ ಹಳೇ ಕಟ್ಟಡಗಳಲ್ಲಿ ನೆಲದಿಂದ ಸ್ವಲ್ಪ ಮೇಲೆ ಹೊಖ್‌ಪಾರ್ಟೆರ್ ಅಂತ ಒಂದು, ಅದ್ರ ಮೇಲೆ ಮೆಜ್ಜಾನಿನ್ ಅಂತ ಇನ್ನೊಂದು, ಅವೆರಡನ್ನೂ ದಾಟಿದ್ಮೇಲೆ ಒಂದನೇ ಮಹಡಿ ಲೆಕ್ಕ ಶುರುವಾಗೋದು. ಲಿಫ್ಟ್ ಇಲ್ಲ. ಬ್ಯಾಗಲ್ಲಿ ಎರಡು ಬಾಟ್ಲಿ ಮಿಡಿ ಉಪ್ಪಿನಕಾಯಿ.

ಮೇಲೆ ಹೋಗಿ ವೈಫೈ ಹಚ್ಚಿ ಆಯಿಗೆ ಫೋನ್ ಮಾಡ್ದೆ. ಊರಲ್ಲಿ ಬೆಳಗಿನ ಜಾವ ಮೂರು ದಾಟಿತ್ತು, ಒಂದೇ ರಿಂಗಿಗೆ ಎತ್ತಿದ್ಲು. ಎಷ್ಟಾತು ಅಂತ ಕೇಳ್ಲಿಲ್ಲ, ಕಿಟಕಿಯಿಂದ ಎಂತ ಕಾಣ್ತು ಅಂತನೂ ಕೇಳ್ಲಿಲ್ಲ. "ಬಾಗ್ಲಿಗೆ ಒಳಗಿಂದ ಚಿಲಕ ಇದ್ದನೇ?" ಅಂದ್ಲು. ಎದ್ದು ಹೋಗಿ ಕೈಯಲ್ಲಿ ಹಾಕಿ ತೆಗೆದು ನೋಡಿ "ಇದ್ದು" ಅಂದೆ. "ಹಂಗಾರೆ ಮನಿಕ್ಯ" ಅಂತ ಇಟ್ಲು.

ನೀವೂ ಈ ಚಿಲಕದ ಪ್ರಶ್ನೆ ಕೇಳಿ ನೋಡಿ, ಎಷ್ಟು ಹೊತ್ತು ಬೇಕಾದ್ರೂ ಮಾತಾಡ್ತೀನಿ. ನಮ್ಮ ಕಡೆ ಎಷ್ಟೊತ್ತಿಗೆ ಹೋದ್ರೂ ನೆಂಟ್ರು ಎದ್ದು ಬಾಗಿಲು ತೆಗೀತಾರೆ, ಅಲ್ಲಿ ಆ ಬಾಗಿಲು ತೆಗೆಯೋರಿಗೇ ದುಡ್ಡು ಕೊಡೋದು ನಾನು. ಈಗ ಬುಕ್ ಮಾಡೋಕ್ ಮುಂಚೆ ಮೆಸೇಜ್ ಹಾಕ್ತೀನಿ: ನಾನು ಬರೋದು ರಾತ್ರಿ, ಯಾರಿರ್ತೀರಿ, ಕೀ ಎಲ್ಲಿರತ್ತೆ? ಉತ್ತರ ಬರ್ಲಿಲ್ಲ ಅಂದ್ರೆ ಬುಕ್ಕಿಂಗೂ ಇಲ್ಲ. ಟ್ರ್ಯಾಮ್ ಸ್ಟಾಪಿಂದ ಬಾಗಿಲವರೆಗೆ ಸ್ಟ್ರೀಟ್ ವ್ಯೂನಲ್ಲಿ ಒಂದ್ಸಲ ನಡೆದು ಬರ್ತೀನಿ. ಹಾಸ್ಟೆಲ್ ಆದ್ರೆ ಹೆಂಗಸರಷ್ಟೇ ಒಟ್ಟಿಗೆ ಮಲಗೋ ಡಾರ್ಮು, ಲಾಕರಿಗೆ ಶಿರಸಿ ಪೇಟೆಲಿ ತಗೊಂಡ ನನ್ನದೇ ಬೀಗ.

ಹಾಸ್ಟೆಲ್ ಅಂದಿದ್ದೇ ತಪ್ಪಾಯ್ತು. "ಈ ವಯಸ್ಸಲ್ಲಿ ಹಾಸ್ಟೆಲ್ಲನೇ?" ಅಂತ ಅತ್ತೆ ಹೋಳಿಗೆ ಕೆಳಗಿಟ್ರು. ನಮ್ಮಲ್ಲಿ ಹಾಸ್ಟೆಲ್ ಅಂದ್ರೆ ಎಂಟು ಗಂಟೆಗೆ ಹಾಜರಿ, ನೀರು ಸಾರು. 1912ರಲ್ಲಿ ಜರ್ಮನಿಯ ಆಲ್ಟೆನಾ ಅನ್ನೋ ಊರಲ್ಲಿ ಶಾಲೆ ಮಾಸ್ತರೊಬ್ರು ಹಳೇ ಕೋಟೆಲಿ ಮಕ್ಕಳಿಗೆ ಮಲಗೋಕೆ ಜಾಗ ಮಾಡಿ ಶುರುವಾದ ಯೂತ್ ಹಾಸ್ಟೆಲ್ ಕತೆ ಹೇಳೋಣ ಅಂತ ಬಾಯಿ ತೆಗೆದೆ, ಅಷ್ಟ್ರಲ್ಲಿ ಮಜ್ಜಿಗೆ ಬಂತು.

ನಿನ್ನೆ ವಾಟ್ಸಾಪಲ್ಲಿ ಅತ್ತೆ ಪಾಸ್‌ಪೋರ್ಟ್ ಫೋಟೋ ಕಳ್ಸಿದಾರೆ, ತಲೆಕೆಳಗೆ. ಕೆಳಗೆ ಒಂದೇ ಸಾಲು: "ಪ್ಯಾರಿಸ್ಸು, ಒಟ್ಟು ಹನ್ನೊಂದು ಜನ, ಅಡುಗೆಮನೆ ಇದ್ದಿದ್ದು ಒಂಚೂರು ನೋಡೇ."