ತೊಟ್ಟಿಲಿಗೆ ಮಗು ಹಾಕುವ ಮುಂಚೆ

ನಾಮಕರಣಕ್ಕೆ ಎರಡು ದಿನ ಇದೆ ಅನ್ನುವಾಗ ಅಟ್ಟದಿಂದ ತೊಟ್ಟಿಲು ಇಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹೂವು ಸುತ್ತಿ, ಸರಪಳಿಗೆ ಅರಿಶಿನ ಕುಂಕುಮ ಹಚ್ಚಿದರೆ ತಯಾರಿ ಮುಗಿದ ಹಾಗೆ. ಕೊಂಡಿ ಗಟ್ಟಿ ಇದೆಯೇ, ಕಂಬಿಗಳ ಸಂದಿ ಎಷ್ಟಿದೆ, ಬಣ್ಣ ಯಾವ ಕಾಲದ್ದು ಎಂದು ನೋಡಲು ಆ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಸೀಮಂತದ ಹೊತ್ತಿಗೇ ಇಳಿಸಿ ನೋಡಿಬಿಡಿ. ಹೊಸದು ಕೊಳ್ಳಬೇಕಾಗಿ ಬಂದರೂ ಆಗ ಕೈಯಲ್ಲಿ ಸಮಯ ಇರುತ್ತದೆ.

ಮೊದಲು ಚಾವಣಿ. ತಾರಸಿ ಹಾಕುವಾಗಲೇ ಒಳಗಿನ ಕಬ್ಬಿಣಕ್ಕೆ ಸಿಕ್ಕಿಸಿ ಕಾಂಕ್ರೀಟಿನಲ್ಲಿ ಕೂರಿಸಿದ ಕೊಂಡಿಯಾದರೆ ನಂಬಬಹುದು. ಆಮೇಲೆ ತೂತು ಕೊರೆದು ಹಾಕಿದ ಬೋಲ್ಟ್ ಬೇರೆ ಮಾತು: ಅದು ಗಾರೆಯಲ್ಲಷ್ಟೇ ಕೂತಿದೆಯೋ, ಕಾಂಕ್ರೀಟಿನವರೆಗೆ ಹೋಗಿದೆಯೋ ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಫ್ಯಾನಿನ ಕೊಕ್ಕೆಗೆ ತೊಟ್ಟಿಲು ಕಟ್ಟಲೇಬೇಡಿ. ಫ್ಯಾನ್ ಒಂದೇ ಕಡೆ ನಿಂತು ತೂಗುವ ಭಾರ, ತೊಟ್ಟಿಲು ದಿನವಿಡೀ ಅತ್ತಿತ್ತ ಎಳೆಯುವ ಭಾರ. ಹಳೆ ಮನೆಯ ತೊಲೆಯಾದರೆ ಗೆದ್ದಲು ತಿಂದಿದೆಯೇ ಎಂದು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಬಾಡಿಗೆ ಮನೆಯವರು ಈ ತಂಟೆಗೇ ಹೋಗದೆ ಸ್ಟ್ಯಾಂಡ್ ಇರುವ ತೊಟ್ಟಿಲು ತರುವುದು ಒಳ್ಳೆಯದು.

ಕೊಂಡಿ ಗಟ್ಟಿಯಿದ್ದರೂ ಸವೆತ ಇರುತ್ತದೆ. ಸರಪಳಿಯ ಮೊದಲ ಬಳೆ ಕೊಂಡಿಯನ್ನು ಉಜ್ಜುವ ಜಾಗಕ್ಕೆ ಬೆರಳು ಹಾಕಿ. ಅಲ್ಲಿ ತಗ್ಗು ಬಿದ್ದು ಕಬ್ಬಿಣ ಸಣಕಲಾಗಿದ್ದರೆ ಹೊರಗಿನಿಂದ ಎಷ್ಟು ಹೊಳೆದರೂ ಅದರ ಆಯಸ್ಸು ಮುಗಿದಿದೆ. ಸರಪಳಿಯ ತುದಿಗೆ ‘ಎಸ್’ ಆಕಾರದ ಬಾಯಿ ತೆರೆದ ಕೊಕ್ಕೆ ಇದ್ದರೆ ಕಿತ್ತು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ತಿರುಪು ಹಾಕಿ ಮುಚ್ಚುವ ಡಿ ಶ್ಯಾಕಲ್ ಹಾಕಿ. ತೊಟ್ಟಿಲು ಜೋರಾಗಿ ತೂಗಿ ಮೇಲೆ ಹೋದಾಗ ಒಂದು ಕ್ಷಣ ಸರಪಳಿ ಸಡಿಲವಾಗುತ್ತದೆ. ಬಾಯಿ ತೆರೆದ ಕೊಕ್ಕೆ ಕಳಚಿಕೊಳ್ಳುವುದು ಆಗಲೇ.

ಇಷ್ಟಾದ ಮೇಲೆ ಕೆಳಗೆ ಹಾಸಿಗೆ ಹಾಸಿ, ತೊಟ್ಟಿಲಲ್ಲಿ 25 ಕಿಲೋ ಅಕ್ಕಿ ಮೂಟೆ ಇಟ್ಟು ಹತ್ತು ನಿಮಿಷ ತೂಗಿ, ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ನೆಲದ ಮೇಲೆ ಸಿಮೆಂಟ್ ಪುಡಿ ಬಿದ್ದಿದ್ದರೆ, ಕೊಂಡಿಯ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೂ, ಅಲ್ಲಿ ಮಗು ಹಾಕಬೇಡಿ. ಎಲ್ಲ ಸರಿ ಇದ್ದರೂ ತೊಟ್ಟಿಲಿನ ತಳ ನೆಲದಿಂದ ಒಂದೂವರೆ ಅಡಿಗಿಂತ ಮೇಲೆ ಬೇಡ.

ಆಮೇಲೆ ಸಂದಿ. ಎರಡು ಕಂಬಿಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಇರಬಾರದು. ಅಮೆರಿಕದ ನಿಯಮವೂ ಹೆಚ್ಚುಕಡಿಮೆ ಇದೇ, ಎರಡೂಕಾಲು ಇಂಚಿಗಿಂತ ಕೂದಲೆಳೆ ಜಾಸ್ತಿ. ಮಗುವಿನ ಕಾಲು, ಸೊಂಟ, ಎದೆ ಅಗಲ ಸಂದಿಯಲ್ಲಿ ಜಾರಿಹೋಗುತ್ತವೆ, ತಲೆ ಹೋಗುವುದಿಲ್ಲ. ಮೈ ಹೊರಗೆ, ಕುತ್ತಿಗೆ ಕಂಬಿಯ ಮೇಲೆ. ಮನೆಯಲ್ಲಿರುವ ಟೆನಿಸ್ ಬಾಲ್ ತನ್ನಿ. ಅದರ ಅಡ್ಡಳತೆ ಆರೂವರೆ ಸೆಂ.ಮೀ. ದಾಟುತ್ತದೆ. ಬಾಲೇ ನುಸುಳಿದರೆ ಆ ತೊಟ್ಟಿಲಿಗೆ ಬಟ್ಟೆ ಸುತ್ತಿ ಸರಿಮಾಡುವ ಯೋಚನೆ ಬಿಡಿ. ನುಸುಳದಿದ್ದರೂ ಟೇಪ್ ಹಿಡಿದು ಅಳೆಯಿರಿ, ಯಾಕೆಂದರೆ ಆರಕ್ಕೂ ಆರೂವರೆಗೂ ನಡುವೆ ಬಾಲ್ ಏನೂ ಹೇಳುವುದಿಲ್ಲ. ಕಂಬಿ ಕೈಯಲ್ಲಿ ತಿರುಗಿದರೆ ಅಥವಾ ಅಲುಗಾಡಿದರೆ ಬಡಗಿಯನ್ನು ಕರೆಸಿ.

ಬಣ್ಣದ ವಿಷಯದಲ್ಲಿ ನಮ್ಮವರು ಉದಾಸೀನ ಮಾಡುವುದು ಹೆಚ್ಚು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ಭಾರತದಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅಜ್ಜಿಯ ಕಾಲದ ತೊಟ್ಟಿಲಿಗೆ ಮಾವ ಪ್ರೀತಿಯಿಂದ ಬಳಿದ ಹಳದಿ, ಕೆಂಪು ಎನಾಮೆಲ್ ಅದಕ್ಕೂ ಹಿಂದಿನದು. ಹಲ್ಲು ಬರುವಾಗ ಮಗು ಕಚ್ಚುವುದು ತೊಟ್ಟಿಲಿನ ಅಂಚನ್ನೇ. ಮರಳು ಕಾಗದ ಹಿಡಿದು ಮನೆಯೊಳಗೆ ಉಜ್ಜಬೇಡಿ. ಸೀಸದ ದೂಳು ಬಾಣಂತಿ ಕೋಣೆಗೇ ಸೇರುತ್ತದೆ. ಬಣ್ಣ ಚಕ್ಕೆ ಏಳುತ್ತಿದ್ದರೆ ಶಾಸ್ತ್ರದ ದಿನ ಹತ್ತು ನಿಮಿಷ ಮಲಗಿಸಿ, ಫೋಟೊ ತೆಗೆದು, ಮತ್ತೆ ಅಟ್ಟಕ್ಕೆ ಹಾಕಿ. ಕಲಘಟಗಿಯ ತೊಟ್ಟಿಲಿಗೂ ಚನ್ನಪಟ್ಟಣದ ಗಿಲಕಿಗೂ ಹೆಸರು ಬಂದದ್ದು ಅರಗಿನ ಬಣ್ಣದಿಂದ. ಆ ಹೆಸರಲ್ಲಿ ಮಾರುವುದೆಲ್ಲ ಅರಗಿನದೇ ಅಲ್ಲ, ಕೇಳಿ ಕೊಳ್ಳಿ. ಮೇಲೆ ತೂಗುವ ಗಿಳಿ, ಗಿಲಕಿಗಳ ದಾರ ಒಂದು ಗೇಣಿಗಿಂತ ಚಿಕ್ಕದಿರಲಿ.

ಸೀರೆ ಜೋಲಿಯ ವಿಷಯಕ್ಕೆ ಬಂದರೆ ಮನೆಯಲ್ಲಿ ಜಗಳ ಖಾತ್ರಿ. ‘ನೀವೆಲ್ಲ ಜೋಲಿಯಲ್ಲೇ ಬೆಳೆದವರು’ ಎಂಬ ಮಾತು ಬಂದೇ ಬರುತ್ತದೆ. ಜೋಲಿಯಲ್ಲಿ ಮಗುವಿನ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ತಲೆ ಮುಂದಕ್ಕೆ ಬಂದು ಗದ್ದ ಎದೆಗೆ ತಾಗುತ್ತದೆ. ದೊಡ್ಡವರಿಗಾದರೆ ಗೊರಕೆ ಬರುತ್ತದೆ, ಅಷ್ಟೆ. ಹುಲ್ಲುಕಡ್ಡಿಯಷ್ಟು ಸಣ್ಣ ಉಸಿರುನಾಳ ಇರುವ ಹಸುಗೂಸಿಗೆ ದಾರಿಯೇ ಮುಚ್ಚಬಹುದು, ಕತ್ತು ಎತ್ತಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಅಜ್ಜಿಯ ಜೊತೆ ರಾಜಿ ಹೀಗೆ ಮಾಡಿಕೊಳ್ಳಬಹುದು: ಹಗಲು, ಎದುರಿಗೆ ಕೂತು ನೋಡುವವರು ಇರುವಾಗ, ಮುಖ ಕಾಣುವಂತೆ ಅಡ್ಡಕೋಲು ಹಾಕಿ ಬಟ್ಟೆ ಬಿಡಿಸಿ ತೂಗುವುದು, ಕಣ್ಣು ಮುಚ್ಚಿದ ಕೂಡಲೇ ಎತ್ತಿ ಸಮತಟ್ಟಾದ ಹಾಸಿಗೆಗೆ ಹಾಕುವುದು. ರಾತ್ರಿಗೆ ಜೋಲಿ ಬೇಡ. ಸ್ಪ್ರಿಂಗ್ ಜೋಲಿ ಕೊಳ್ಳುವವರು ಸ್ಪ್ರಿಂಗಿನ ಒಳಗೆ ಹಗ್ಗವೋ ಸರಪಳಿಯೋ ಹಾದುಹೋಗಿದೆಯೇ ನೋಡಿ. ಸ್ಪ್ರಿಂಗ್ ತುಂಡಾದರೆ ಮಗುವನ್ನು ಹಿಡಿಯುವುದು ಅದೇ.

ಬೆಡ್ ಸೆಟ್ ಎಂದು ಉಡುಗೊರೆಗೆ ಬರುತ್ತದಲ್ಲ, ಎರಡು ಪಕ್ಕದ ದಿಂಬು, ನಡುವೆ ಸಾಸಿವೆ ದಿಂಬು, ಮೇಲೊಂದು ಮೆತ್ತನೆ ಹೊದಿಕೆ? ಮಗು ನೋಡಲು ಬಂದವರು ಹೋಗುವ ತನಕ ಅದನ್ನು ಇಟ್ಟು ಆಮೇಲೆ ಕಪಾಟಿಗೆ ಹಾಕಿ. ವರ್ಷ ತುಂಬುವವರೆಗೆ ಮಗು ಮಲಗುವ ಜಾಗದಲ್ಲಿ ದಿಂಬು, ಹೊದಿಕೆ, ಗೊಂಬೆ ಏನೂ ಬೇಡ. ತಲೆ ದುಂಡಗಾಗಲು ದಿಂಬು ಬೇಕಿಲ್ಲ: ಮಲಗಿಸುವಾಗ ಒಂದು ದಿನ ತಲೆ ಎಡಕ್ಕೆ, ಒಂದು ದಿನ ಬಲಕ್ಕೆ ತಿರುಗಿಸಿ, ಎಚ್ಚರವಿದ್ದಾಗ, ನೀವು ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಬೋರಲು ಹಾಕಿ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ.

ಹಾಸಿಗೆ ಗಟ್ಟಿಯಿರಬೇಕು. ಅಂಗೈ ಒತ್ತಿ ಎತ್ತಿ. ಅಚ್ಚು ಉಳಿಯಿತೋ, ಮೆತ್ತಗಾಯಿತು. ಬೂರುಗದ ಹತ್ತಿ ಹಾಸಿಗೆ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಬಿಗಿಯಾಗಿ ಮಡಿಸಿ ಹಾಸಿದ ಹಳೆ ಕೌದಿ ಗೆಲ್ಲುತ್ತದೆ (ಹಾಸಲಿಕ್ಕೆ ಮಾತ್ರ, ಹೊದಿಸಲಿಕ್ಕಲ್ಲ). ಹಾಸಿಗೆಗೂ ತೊಟ್ಟಿಲಿನ ಗೋಡೆಗೂ ನಡುವೆ ಎರಡು ಬೆರಳಿಗಿಂತ ಜಾಗ ಉಳಿಯಬಾರದು. ರಬ್ಬರ್ ಶೀಟ್ ಹಾಸಿದರೆ ಅದರ ಮೇಲೆ ಹತ್ತಿ ಬಟ್ಟೆ ಹಾಸಿ, ನಾಲ್ಕೂ ಮೂಲೆ ಹಾಸಿಗೆಯ ಕೆಳಗೆ ಸಿಕ್ಕಿಸಿ. ಕೊಡೆಯ ಹಾಗೆ ಮಡಚುವ ಸೊಳ್ಳೆಪರದೆ ನವಜಾತ ಶಿಶುವಿಗೆ ಸಾಕು, ಮಗು ಕೈಚಾಚಿ ಎಳೆಯಲು ಕಲಿತ ದಿನವೇ ತೆಗೆದು, ತೊಟ್ಟಿಲು ಪೂರ್ತಿ ಮುಚ್ಚುವ, ಅಂಚು ಬಿಗಿಯುವ ಪರದೆ ಹಾಕಿ.

ಇದರ ಜೊತೆಗೇ ಹೇಳಬೇಕಾದದ್ದು, ಬಾಣಂತಿ ಕೋಣೆಯಲ್ಲಿ ಮಂಚದ ಕೆಳಗೆ ಇಡುವ ಕೆಂಡದ ಅಗ್ಗಿಷ್ಟಿಕೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ. ಬೆಚ್ಚಗಿಡಲು ಮಗುವಿಗೆ ಇನ್ನೊಂದು ಅಂಗಿ ಹಾಕಿ, ಕೆಂಡ ಹೊರಗಿಡಿ.

ಅಂಗಡಿಯ ಮರದ ಬೇಬಿ ಕಾಟ್ ತರುವವರಿಗೂ ಸಂದಿಯ ಲೆಕ್ಕ ಅದೇ. ಹಾಸಿಗೆ ಇಡುವ ಹಲಗೆಯನ್ನು ಪೂರ್ತಿ ಕೆಳಗಿಳಿಸಿದಾಗ ಅದರಿಂದ ಅಂಚು 60 ಸೆಂ.ಮೀ. ಎತ್ತರ ಇರಲಿ. ಒಂದು ಪಕ್ಕ ಜಾರಿ ಕೆಳಗಿಳಿಯುವ ಮಾದರಿಯನ್ನು ಅಮೆರಿಕ 2011ರಲ್ಲೇ ನಿಷೇಧಿಸಿದೆ. ಕೀಲು ಸಡಿಲವಾಗಿ ಸಂದಿಯಲ್ಲಿ ಮಕ್ಕಳು ಸಿಕ್ಕಿಕೊಂಡದ್ದೇ ಕಾರಣ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಂಥದ್ದು ಸಿಕ್ಕರೆ ಪುಕ್ಕಟೆ ಕೊಟ್ಟರೂ ಬೇಡ. ಚಕ್ರದ ವಾಕರ್ ಕೂಡ ಅದೇ ಪಟ್ಟಿಗೆ: ಕೆನಡಾ 2004ರಿಂದ ಅದರ ಮಾರಾಟವನ್ನೇ ನಿಲ್ಲಿಸಿದೆ. ವಾಕರ್‌ನಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲು ಮತ್ತು ಒಲೆಯ ಹತ್ತಿರ ಮಾತ್ರ ಮಗು ಬೇಗ ತಲುಪುತ್ತದೆ. ಎದ್ದು ನಿಂತ ಮಗು ಹಿಡಿದು ತಳ್ಳುವ ಮೂರು ಗಾಲಿಯ ಮರದ ಗಾಡಿಯೇ ವಾಸಿ.

ಕಾರಿದ್ದವರು ಆಸ್ಪತ್ರೆಯಿಂದ ಬರುವ ದಿನಕ್ಕೇ ಕಾರ್ ಸೀಟ್ ಹೊಂದಿಸಿ. ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಾಗೆ ಇಟ್ಟರೆ ಅದು ಉಬ್ಬುವ ರಭಸ ನೇರ ಮಗುವಿನ ತಲೆಯ ಹಿಂದೆ. ಭುಜದ ಪಟ್ಟಿಯನ್ನು ಬೆರಳಿನಿಂದ ಚಿವುಟಿ ಮಡಿಕೆ ಹಿಡಿಯಲು ಬರಬಾರದು, ಅಷ್ಟು ಬಿಗಿ. ಬೆಲ್ಟ್ ಅಥವಾ ಐಸೋಫಿಕ್ಸ್ (ಕಾರಿನ ಸೀಟಿನಲ್ಲೇ ಇರುವ ಕೊಂಡಿ) ಕೂಡುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಸೀಟ್ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಮನೆ ಮುಟ್ಟಿದ ಮೇಲೆ ಅದರಲ್ಲೇ ನಿದ್ದೆ ಮಾಡಲು ಬಿಡಬೇಡಿ, ಜೋಲಿಯ ತೊಂದರೆಯೇ ಅಲ್ಲೂ ಇದೆ. ಬೈಕಿನ ಮೇಲೆ ಹಸುಗೂಸನ್ನು ಮಡಿಲಲ್ಲಿ ಇಟ್ಟುಕೊಂಡು ಹೋಗುವುದನ್ನು ಬಿಟ್ಟು ಆಟೋ ಹಿಡಿಯಿರಿ. ನಾಲ್ಕು ವರ್ಷದೊಳಗಿನ ಮಗು ಬೈಕಿನಲ್ಲಿದ್ದರೆ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಒಂಬತ್ತು ತಿಂಗಳು ದಾಟಿದ್ದರೆ ಹೆಲ್ಮೆಟ್ ಕೂಡ, ಗಂಟೆಗೆ 40 ಕಿ.ಮೀ. ಮೀರದ ವೇಗ ಎಂದು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿದೆ.

ತೂಗುತೊಟ್ಟಿಲು ಎಷ್ಟು ದಿನ? ಮಗು ತಾನಾಗಿ ಮಗುಚಿ, ಕೈಯೂರಿ ಎದೆ ಎತ್ತುವವರೆಗೆ. ಸುಮಾರು ನಾಲ್ಕೈದು ತಿಂಗಳು. ಆಮೇಲೆ ಎತ್ತರದ ಕಂಬಿಯ ಕಾಟ್, ಇಲ್ಲವೇ ನೆಲದ ಮೇಲೆ ಹಾಸಿಗೆ. ತೊಟ್ಟಿಲು ಅಟ್ಟಕ್ಕೆ ಹೋದ ಮೇಲೂ ಸರಪಳಿ ಚಾವಣಿಯಿಂದ ಹಾಗೇ ನೇತಾಡುತ್ತಿರುತ್ತದೆ, ಜೋಲಿ ಕಟ್ಟಿದ ಸೀರೆಯೂ ಅಷ್ಟೆ. ಮನೆಯ ಆರೇಳು ವರ್ಷದ ಅಣ್ಣನಿಗೋ ಅಕ್ಕನಿಗೋ ಅದು ಉಯ್ಯಾಲೆ: ಒಳಗೆ ಕೂತು ಗಿರಗಿರ ತಿರುಗಿದರೆ ಬಟ್ಟೆ ಹುರಿಯಾಗಿ ಕುತ್ತಿಗೆಗೆ ಬಿಗಿಯುತ್ತದೆ. ಇಳಿಸಿದ ದಿನವೇ ಸರಪಳಿ ಕಳಚಿ, ಸೀರೆ ಬಿಚ್ಚಿ ಒಗೆಯಲು ಹಾಕಿ.