ಏರಲ್ಲಿ 12.5, ಇಳಿಜಾರಲ್ಲಿ 14.9

ನಮ್ಮ ಕ್ಯಾಂಪರ್‌ವ್ಯಾನ್ ಸೆಕೆಂಡ್ ಹ್ಯಾಂಡ್ ಗಾಡಿ. ಒಳಗೆ ಹಾಸಿಗೆ, ಸಿಂಕು, ಪುಟ್ಟ ಫ್ರಿಜ್ಜು. ಮೇಲೆ 100 ವ್ಯಾಟ್‌ನ ಸೋಲಾರ್ ಪ್ಯಾನೆಲ್. ಸೀಟಿನ ಕೆಳಗೆ 100 ಆಂಪ್-ಅವರ್‌ನ ಲೀಷರ್ ಬ್ಯಾಟರಿ. ಇದಕ್ಕೂ ಎಂಜಿನ್ ಸ್ಟಾರ್ಟ್ ಮಾಡುವುದಕ್ಕೂ ಸಂಬಂಧವಿಲ್ಲ, ಅದಕ್ಕೆ ಬಾನೆಟ್ ಒಳಗೆ ಬೇರೆ ಬ್ಯಾಟರಿ ಇದೆ. ಇದರ ಕೆಲಸ ಲೈಟು, ನೀರಿನ ಪಂಪು, ಫ್ರಿಜ್ಜು ನೋಡಿಕೊಳ್ಳುವುದು. ಎಲ್ಲವನ್ನೂ ಹಳೆಯ ಮಾಲೀಕರೇ ಕೂರಿಸಿದ್ದರು. ಮರಗೆಲಸ ಬಹಳ ಅಚ್ಚುಕಟ್ಟು. ವೈರುಗಳು ಮಾತ್ರ ಹಲಗೆಯ ಹಿಂದೆ ಅಡಗಿದ್ದವು. ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಒಂದು ಚೀಟಿಯೂ ಇರಲಿಲ್ಲ.

ನಾನು, ಅಕ್ಕ, ಭಾವ ಮೂವರು ಹೊರಟೆವು. ಮೊದಲು ಕಾಡಿನ ಅಂಚಿನ ಕೆರೆ, ಆಮೇಲೆ ಬೆಟ್ಟ, ಕೊನೆಗೆ ಸಮುದ್ರ.

ಕೆರೆಯ ಜಾಗ ಚೆನ್ನಾಗಿತ್ತು. ದಟ್ಟವಾದ ನೆರಳು, ಗಾಳಿ, ನೀರಿನ ಮೇಲೆ ಹಕ್ಕಿಗಳು. ಆದರೆ ನಮಗೆ ಹಿತವಾದ ನೆರಳು ಪ್ಯಾನೆಲ್‌ಗೆ ಹಿತವಲ್ಲ. ಒಳ್ಳೆ ಬಿಸಿಲಲ್ಲಿ 5 ಆಂಪ್ ಕೊಡುವ ಪ್ಯಾನೆಲ್ ಅಲ್ಲಿ ಅರ್ಧ ಆಂಪೂ ಕೊಡಲಿಲ್ಲ. ಒಂದೇ ಒಂದು ಕೊಂಬೆಯ ನೆರಳು ಅಡ್ಡ ಬಿದ್ದರೂ ಸಾಕು, ಇಡೀ ಪ್ಯಾನೆಲ್ ಮಂಕಾಗುತ್ತದೆ. ಒಳಗಿನ ಸೆಲ್‌ಗಳು ಸಾಲಾಗಿ ಒಂದಕ್ಕೊಂದು ಜೋಡಿಸಿರುವುದೇ ಇದಕ್ಕೆ ಕಾರಣ.

ಅದೇ ರಾತ್ರಿ ಫ್ರಿಜ್ಜು ನಿಂತಿತು. ಕೆಂಪು ದೀಪ ಮಿನುಗುತ್ತಿತ್ತು.

"ಬ್ಯಾಟರಿ ಹೋಯ್ತು ಬಿಡು, ಹೊಸದು ಹಾಕ್ಸೋಣ" ಅಂದರು ಭಾವ.

"ಸ್ವಲ್ಪ ತಡೀರಿ ಭಾವ, ಮೊದ್ಲು ಅಳೆದು ನೋಡೋಣ."

ಬ್ಯಾಟರಿ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದರೆ 12.4 ವೋಲ್ಟ್ ಬಂತು. ನಮ್ಮದರಂಥ ಲೆಡ್-ಆಸಿಡ್ ಬ್ಯಾಟರಿಗೆ ಒಂದು ಅಂದಾಜಿದೆ. ಒಂದೆರಡು ಗಂಟೆ ಚಾರ್ಜೂ ಇಲ್ಲದೆ, ಲೋಡೂ ಇಲ್ಲದೆ ಸುಮ್ನೆ ಬಿಟ್ಟು ಅಳೆದಾಗ 12.7 ಇದ್ದರೆ ಪೂರ್ತಿ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬೇಗ ಚಾರ್ಜ್ ಮಾಡಬೇಕು. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಇಂಥ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ. ಈ ಲೆಕ್ಕದಲ್ಲಿ ನಮ್ಮದು ಇನ್ನೂ ಚೆನ್ನಾಗೇ ಇತ್ತು. ಹಾಗಾದರೆ ಫ್ರಿಜ್ಜು ಯಾಕೆ ನಿಂತಿತು?

ಸುಮ್ಮನೆ ಕೂತಿರುವ ಬ್ಯಾಟರಿಯನ್ನು ಅಳೆದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಫ್ರಿಜ್ಜು ಮತ್ತೆ ಹಾಕಿದೆ. ಕಂಪ್ರೆಸರ್ ಒಂದಿಷ್ಟು ಹೊತ್ತು ಓಡಿ ನಿಲ್ಲುತ್ತಿತ್ತು. ಓಡುವ ಆ ಸ್ವಲ್ಪ ಸಮಯದಲ್ಲಿ ಬ್ಯಾಟರಿ ಹತ್ತಿರ 12.2 ಇತ್ತು, ಫ್ರಿಜ್ಜಿನ ಪ್ಲಗ್ ಹತ್ತಿರ 10.9. ಮಧ್ಯೆ 1.3 ವೋಲ್ಟ್ ಮಾಯ! ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಬ್ಯಾಟರಿ ಕಾಪಾಡಲು ಈ ಫ್ರಿಜ್ಜುಗಳು ತಾವೇ ನಿಲ್ಲುತ್ತವೆ. ಆದರೆ ಅವು ನೋಡುವುದು ತಮ್ಮ ಬಾಗಿಲಿಗೆ ಬಂದ ವೋಲ್ಟೇಜನ್ನು, ಬ್ಯಾಟರಿಯಲ್ಲಿ ಇರುವುದನ್ನಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ವೈರಿನ ತಪ್ಪಿಗೆ ಬ್ಯಾಟರಿ ಬದಲಾಯಿಸುವವರೇ ಜಾಸ್ತಿ.

ಈಗ ನಷ್ಟ ಯಾವ ಕಡೆ ಅಂತ ಹುಡುಕಬೇಕಿತ್ತು. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಫ್ರಿಜ್ಜಿನ ಪಾಸಿಟಿವ್‌ಗೆ: 0.4. ನೆಗೆಟಿವ್‌ನಿಂದ ನೆಗೆಟಿವ್‌ಗೆ: 0.9. ಅಂದರೆ ನೆಗೆಟಿವ್ ಕಡೆಯೇ ದೊಡ್ಡ ತೊಂದರೆ. ಅಕ್ಕ ಟಾರ್ಚ್ ಹಿಡಿದಳು, ನಾನು ಸೀಟಿನ ಹಿಂದೆ ತೂರಿದೆ. ನೆಗೆಟಿವ್ ವೈರನ್ನು ಗಾಡಿಯ ಬಾಡಿಗೆ ಬೋಲ್ಟ್ ಹಾಕಿ ಕೂರಿಸಿದ್ದರು, ಅದೂ ಪೇಂಟಿನ ಮೇಲೆಯೇ! ಮುಟ್ಟಿದರೆ ಬೋಲ್ಟ್ ಬೆಚ್ಚಗಿತ್ತು. ಲೂಸ್ ಕಾಂಟ್ಯಾಕ್ಟ್ ಎಲ್ಲಿದೆ ಅಂತ ಎಷ್ಟೋ ಸಲ ಕೈಗೇ ಗೊತ್ತಾಗುತ್ತದೆ. ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಬೋಲ್ಟಿನ ಸುತ್ತ ಉಪ್ಪುಕಾಗದದಲ್ಲಿ ತಿಕ್ಕಿ ಹೊಳೆಯುವ ಲೋಹ ಬರಿಸಿದೆ. ಗಟ್ಟಿಯಾಗಿ ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಬಳಿದೆ. ಆ ಕಡೆಯ 0.9 ಬಹುತೇಕ ಸೊನ್ನೆಯಾಯಿತು. ಫ್ರಿಜ್ಜು ಗುಂಯ್ ಅನ್ನತೊಡಗಿತು. ಉಳಿದ 0.4 ತೆಳು ವೈರಿನದು. ಅದನ್ನು ದಪ್ಪ ವೈರಿಗೆ ಬದಲಾಯಿಸುವುದು ಊರಿಗೆ ಹೋದ ಮೇಲಿನ ಕೆಲಸ.

ಮಾರನೆಯ ದಿನ ಬೆಟ್ಟದ ಕಡೆ. ಇಡೀ ದಿನ ಗಾಡಿ ಓಡುತ್ತದೆ, ಎಂಜಿನ್ ತಿರುಗಿಸಿದಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಎರಡೂ ಬ್ಯಾಟರಿ ತುಂಬಿಸುತ್ತದೆ, ಸಂಜೆಗೆ ಚಿಂತೆಯಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ ಅಲ್ವಾ? ಮಧ್ಯಾಹ್ನ ಗಾಡಿ ನಿಲ್ಲಿಸಿ ನೋಡಿದರೆ ಲೀಷರ್ ಬ್ಯಾಟರಿ ಇದ್ದಲ್ಲೇ ಇತ್ತು. ಫ್ಯೂಸ್ ಸರಿ, ವೈರ್ ಸರಿ. ಡ್ಯಾಶ್‌ಬೋರ್ಡಿನ ಸಾಕೆಟ್‌ಗೆ ಚುಚ್ಚುವ ಪುಟ್ಟ ವೋಲ್ಟ್‌ಮೀಟರ್ ಒಂದಿತ್ತು. ಅದನ್ನು ಚುಚ್ಚಿ, ಓದುವ ಕೆಲಸವನ್ನು ಭಾವನಿಗೆ ಕೊಟ್ಟೆ. ಆಮೇಲಿನ ಘಾಟಿ ಪೂರ್ತಿ ಅವರದೇ ಕಾಮೆಂಟ್ರಿ.

"ಏರು... ಹನ್ನೆರಡೂವರೆ. ಇನ್ನೂ ಹನ್ನೆರಡೂವರೆ. ಈಗ ಇಳಿಜಾರು... ಅಯ್ಯೋ, ಹದಿನಾಲ್ಕು ಒಂಬತ್ತು! ಏನಯ್ಯಾ ಇದು?"

ಇಳಿಜಾರು ಬಂದಾಗಲೆಲ್ಲ ಸೀಟಿನ ಕೆಳಗೆ 'ಟಿಕ್' ಅನ್ನುತ್ತಿತ್ತು. ಏರು ಬಂದ ಸ್ವಲ್ಪ ಹೊತ್ತಿಗೆ ಮತ್ತೆ 'ಟಿಕ್'. ಗುಟ್ಟು ಅಲ್ಲೇ ಇತ್ತು. ಈಚಿನ ಅನೇಕ ಗಾಡಿಗಳಲ್ಲಿ ಇರುವುದು ಸ್ಮಾರ್ಟ್ ಆಲ್ಟರ್ನೇಟರ್. ಡೀಸೆಲ್ ಉಳಿಸಲು ಅದು ಏರಿನಲ್ಲಿ ಎಂಜಿನ್ ಮೇಲಿನ ಭಾರ ತಗ್ಗಿಸುತ್ತದೆ, ಅಂದರೆ ಚಾರ್ಜ್ ಮಾಡುವುದನ್ನು ಬಹುತೇಕ ನಿಲ್ಲಿಸುತ್ತದೆ. ಇಳಿಜಾರಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ, ಪುಕ್ಕಟೆ ಸಿಗುವ ಶಕ್ತಿಯಲ್ಲಿ ಜೋರಾಗಿ ಚಾರ್ಜ್ ಮಾಡುತ್ತದೆ. ಎಂಜಿನ್ ಬ್ಯಾಟರಿಗೆ ಇಷ್ಟು ಸಾಕು. ನಮ್ಮ ಲೀಷರ್ ಬ್ಯಾಟರಿಯನ್ನು ಅದಕ್ಕೆ ಜೋಡಿಸಿದ್ದು ಒಂದು ಹಳೇ ಮಾದರಿಯ ರಿಲೇ, ಅಂದರೆ ತಾನೇ ಆನ್-ಆಫ್ ಆಗುವ ಸ್ವಿಚ್ಚು. ವೋಲ್ಟೇಜ್ 13.3ರ ಆಸುಪಾಸು ಏರಿದರೆ ಜೋಡಿಸುತ್ತದೆ, 12.8ಕ್ಕೆ ಇಳಿದರೆ ಬಿಡಿಸುತ್ತದೆ. ಹಾಗಾಗಿ ಅರ್ಧ ದಾರಿ ನಮ್ಮ ಬ್ಯಾಟರಿಗೆ ಏನೂ ಸಿಗುತ್ತಿರಲಿಲ್ಲ. ಇಲ್ಲಿ ಯಾವುದೂ ಕೆಟ್ಟಿರಲಿಲ್ಲ. ಆಲ್ಟರ್ನೇಟರ್, ರಿಲೇ ಎರಡೂ ತಮ್ಮ ತಮ್ಮ ಕೆಲಸ ಸರಿಯಾಗೇ ಮಾಡುತ್ತಿದ್ದವು, ಒಟ್ಟಿಗೆ ಹೊಂದುತ್ತಿರಲಿಲ್ಲ ಅಷ್ಟೇ. ಇಂಥ ತೊಂದರೆ ಹಿಡಿಯುವುದೇ ಕಷ್ಟ. ನಿಂತ ಗಾಡಿಯಲ್ಲಿ ಎಂಜಿನ್ ಹಾಕಿ ಅಳೆದರೆ ಎಲ್ಲವೂ ಸರಿಯಾಗಿ ಕಾಣುತ್ತದೆ.

ಇದಕ್ಕೆ ಮದ್ದು ಡಿಸಿ-ಡಿಸಿ ಚಾರ್ಜರ್. ಆಲ್ಟರ್ನೇಟರ್ ಕಡೆಯಿಂದ ಸ್ವಲ್ಪ ಕಡಿಮೆ ವೋಲ್ಟೇಜ್ ಬಂದರೂ ಅದನ್ನು ಏರಿಸಿ, ಬ್ಯಾಟರಿಗೆ ಬೇಕಾದ 14.4ರ ಆಸುಪಾಸು ಕೊಡುತ್ತದೆ. ನನ್ನನ್ನು ಕೇಳಿದರೆ, ಹೊಸ ಗಾಡಿಗೆ ರಿಲೇ ಹಾಕುವುದು ದಂಡ. ಸದ್ಯಕ್ಕೆ ಬೆಟ್ಟದ ಮೇಲಿನ ಕ್ಯಾಂಪ್ ಜಾಗದಲ್ಲಿ ಕರೆಂಟ್ ಪ್ಲಗ್ ಸಿಕ್ಕಿತು. ರಾತ್ರಿಯಿಡೀ ಚಾರ್ಜಿಗೆ ಹಾಕಿದೆವು. ಲೆಡ್-ಆಸಿಡ್ ಬ್ಯಾಟರಿ 80 ಶೇಕಡಾವರೆಗೆ ಬೇಗ ತುಂಬುತ್ತದೆ, ಕೊನೆಯ 20ಕ್ಕೆ ಗಂಟೆಗಟ್ಟಲೆ ಸತಾಯಿಸುತ್ತದೆ. ಅವಸರ ಮಾಡಿ ಪ್ಲಗ್ ಕೀಳಬಾರದು.

ಪಕ್ಕದ ವ್ಯಾನಿನವರದು ಲಿಥಿಯಂ ಬ್ಯಾಟರಿ. ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. "ಬಿಸಿಲಿದ್ರೂ ಚಾರ್ಜ್ ಆಗ್ತಿಲ್ಲ ಸಾರ್, ಸ್ವಲ್ಪ ನೋಡ್ತೀರಾ?" ಅಂತ ಬಂದರು. ನೋಡುವುದಕ್ಕೇನೂ ಇರಲಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದರೆ ಸೆಲ್ ಹಾಳಾಗುತ್ತದೆ, ಅದಕ್ಕೇ ಒಳಗಿನ ಕಂಟ್ರೋಲ್ ಬೋರ್ಡ್ ಬಾಗಿಲು ಹಾಕಿಕೊಂಡಿತ್ತು. ವ್ಯಾನಿನ ಒಳಗೆ ಬೆಚ್ಚಗಾದ ಮೇಲೆ ತಾನೇ ಶುರುವಾಯಿತು.

ನಮಗೆ ಮಾತ್ರ ಇನ್ನೊಂದು ತಲೆನೋವು ಕಾದಿತ್ತು. ಪ್ಲಗ್ ಇಲ್ಲದ ಮುಂದಿನ ಜಾಗದಲ್ಲಿ ಫ್ರಿಜ್ಜು, ಲೈಟು ಎಲ್ಲ ಆರಿಸಿ ಮಲಗಿದರೂ ಬೆಳಿಗ್ಗೆ ಬ್ಯಾಟರಿ ಇಳಿದಿತ್ತು. ಯಾವುದೋ ಕದ್ದು ಕುಡಿಯುತ್ತಿದೆ. ಫ್ಯೂಸ್ ಬಾಕ್ಸಿನಿಂದ ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ, ಬ್ಯಾಟರಿಯಿಂದ ಹೋಗುವ ಕರೆಂಟ್ ಇಳಿಯಲೇ ಇಲ್ಲ. ಎಲ್ಲ ಕಿತ್ತ ಮೇಲೂ 0.8 ಆಂಪ್! ಅಂದರೆ ಫ್ಯೂಸ್ ಬಾಕ್ಸ್ ಮುಟ್ಟದೆ ನೇರ ಬ್ಯಾಟರಿಗೆ ಜೋಡಿಸಿದ ಏನೋ ಇದೆ. ದಪ್ಪ ಕೇಬಲ್ ಹಿಡಿದು ಹೋದರೆ ಬೀರುವಿನ ಹಿಂದೆ ಇನ್ವರ್ಟರ್ ಸಿಕ್ಕಿತು. ಯಾರೂ ಬಳಸದಿದ್ದರೂ ಆನ್ ಆಗೇ ಇತ್ತು. ದಿನಕ್ಕೆ 19 ಆಂಪ್-ಅವರ್, ಅಂದರೆ ನಾವು ಬಳಸಬಹುದಾದ 50ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಇದನ್ನು ಹುಡುಕಲು, ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಸುಲಭ, ಆದರೆ ಅದು ಡಿಸಿ, ಅಂದರೆ ಬ್ಯಾಟರಿಯ ಕರೆಂಟ್, ಅಳೆಯುವಂಥದ್ದೇ ಆಗಿರಬೇಕು. ಸಾಮಾನ್ಯ ಮಲ್ಟಿಮೀಟರನ್ನು ಮಧ್ಯೆ ಸೇರಿಸಿ ಅಳೆಯುವಾಗ 10 ಆಂಪ್ ಮಿತಿ ನೆನಪಿರಲಿ. ಆಗ ಯಾರಾದರೂ ದೊಡ್ಡ ಲೋಡ್ ಹಾಕಿದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ಕೊನೆಗೆ ಸಮುದ್ರ. ಅಲ್ಲಿ ಸಂಜೆ ನೀರಿನ ಪಂಪಿನ ಫ್ಯೂಸ್ ಹಾರಿತು. ಹೊಸದು ಹಾಕಿದರೆ ಅದೂ ಹಾರಿತು.

"20 ಆಂಪಿಂದು ಹಾಕು, ಹಾರಲ್ಲ."

"ಹಾರಲ್ಲ ಭಾವ, ವೈರ್ ಸುಟ್ಟುಹೋಗುತ್ತೆ. ಫ್ಯೂಸ್ ಕಾಯೋದು ವೈರನ್ನ, ಪಂಪನ್ನಲ್ಲ."

ಪಂಪಿನ ವೈರು ಹಿಡಿದು ಹೊರಟೆವು. ತಗಡಿನ ತೂತಿನ ಮೂಲಕ ವೈರು ಹಾದುಹೋಗುವಲ್ಲಿ ಗಾಡಿಯ ಕುಲುಕಾಟಕ್ಕೆ ಮೇಲಿನ ಪ್ಲಾಸ್ಟಿಕ್ ಸವೆದು, ತಾಮ್ರ ತಗಡಿಗೆ ತಾಗುತ್ತಿತ್ತು. ಸವೆದ ತುಂಡು ಕತ್ತರಿಸಿ ಹೊಸ ಜಾಯಿಂಟ್ ಹಾಕಿ, ತೂತಿನ ಅಂಚಿಗೆ ರಬ್ಬರ್ ಕೂರಿಸಿ, ಮೊದಲಿನ 10 ಆಂಪ್ ಫ್ಯೂಸನ್ನೇ ಹಾಕಿದೆವು. ಅಕ್ಕ ನಲ್ಲಿ ತಿರುಗಿಸಿದಳು. ಪಂಪು ಚೆನ್ನಾಗಿ ಓಡಿತು. ಟ್ಯಾಂಕಿನಲ್ಲಿ ಮಾತ್ರ ನೀರಿರಲಿಲ್ಲ.