ಓಡದೇ ಇರೋ ಕುದುರೆಗೆ ಅಷ್ಟು ದುಡ್ಡು ಯಾಕೆ?

ಇಲ್ಲಿ ಒಹಾಯೋದಲ್ಲಿ ನಾನು ವೆಸ್ಟರ್ನ್ ಪ್ಲೆಷರ್ ಕುದುರೆ ತಗೊಂಡಾಗಿಂದ ಕನ್ನಡದವರು ಸಿಕ್ಕಲ್ಲೆಲ್ಲ ಇದೇ. ಮೊದಲು "ಎಷ್ಟಾಯ್ತು?", ಆಮೇಲೆ ವಿಡಿಯೋ ನೋಡಿ "ಇದೇನ್ರೀ, ಓಡೋದೇ ಇಲ್ವಲ್ಲ!" ಯುಗಾದಿ ಊಟದಲ್ಲಿ ಒಬ್ಬರು ಒಬ್ಬಟ್ಟು ಕೈಲಿ ಹಿಡ್ಕೊಂಡೇ "ಇದಕ್ಕಿಂತ ನಾನೇ ಜೋರಾಗಿ ನಡೀತೀನಿ, ಆ ದುಡ್ಡು ನಂಗೇ ಕೊಡಬಹುದಿತ್ತು" ಅಂದ್ರು, ಇಡೀ ಪಂಕ್ತಿ ನಕ್ಕಿತು. ನಂಗೆ ಉರೀತು. ಬೆಲೆ ಹೇಳಲ್ಲ, ನಿಮ್ಮ ಕಾರ್ ಲೋನ್ ಎಷ್ಟು ಅಂತ ನಾನು ಯಾವತ್ತೂ ಕೇಳಿಲ್ಲ.

ನಿಧಾನಕ್ಕೇ ದುಡ್ಡು ಕೊಟ್ಟಿರೋದು! ವೆಸ್ಟರ್ನ್ ಪ್ಲೆಷರ್ ಅನ್ನೋದು ಕುದುರೆ ನಡಿಗೆಯ ಸ್ಪರ್ಧೆ, ರೇಸ್ ಅಲ್ಲ. ಎಲ್ಲ ಕುದುರೆಗಳೂ ಒಟ್ಟಿಗೆ ರಿಂಗ್ ಸುತ್ತ ಹೋಗ್ತಾವೆ, ವಾಕ್, ಜಾಗ್ (ನಿಧಾನದ ಟ್ರಾಟ್, ಅಂದ್ರೆ ಕುಕ್ಕುಲೋಟ), ಲೋಪ್ (ನಿಧಾನದ ನಾಗಾಲೋಟ), ಎರಡೂ ದಿಕ್ಕಿಗೆ, ಲಗಾಮು ಸಡಿಲ ಬಿಟ್ಕೊಂಡು, ಜಡ್ಜ್ ತೂಗೋದು ಸವಾರರನ್ನಲ್ಲ ಕುದುರೆ ನಡಿಗೇನ. ಲೋಪ್‌ನಲ್ಲಿ ಗೊರಸಿನ ಸದ್ದು ಮೂರು ತಾಳದ್ದು, ಎಷ್ಟೇ ನಿಧಾನ ಆದ್ರೂ ಮೂರು ಮೂರಾಗೇ ಕೇಳ್ಬೇಕು, ಬಲ ಇಲ್ಲದ ಕುದುರೆ ನಿಧಾನ ಮಾಡಿದ ತಕ್ಷಣ ಅದು ನಾಲ್ಕಾಗಿ ಒಡೆದು ಕುಂಟಿದ ಹಾಗೆ ಕಾಣುತ್ತೆ. ಹಿಂಗಾಲು ಹೊಟ್ಟೆ ಕೆಳಗೆ ತಂದು ಬೆನ್ನೆತ್ತಿ ಭಾರ ಹೊರ್ಬೇಕು. ಜಂಬೂಸವಾರಿಲಿ 750 ಕೆಜಿ ಅಂಬಾರಿ ಹೊತ್ತ ಆನೆ ನೋಡಿ "ಓಡೋದೇ ಇಲ್ವಲ್ಲ" ಅಂತೀರಾ?

ಕೇಳೋದಾದ್ರೆ ಇದನ್ನ ಕೇಳಿ: ಆ ನಿಧಾನ ನಿಜವಾದದ್ದು ಅಂತ ಹೇಗೆ ಗೊತ್ತಾಯ್ತು? ಯಾಕಂದ್ರೆ ಸುಸ್ತಾದ ಕುದುರೇನೂ ನಿಧಾನ, ನೋವಿರೋದೂ ನಿಧಾನ, ಮದ್ದು ಕೊಟ್ಟಿದ್ದೂ ನಿಧಾನ. 1980ರ ದಶಕದಲ್ಲಿ ಕುದುರೆ ತಲೆ ನೆಲಕ್ಕೆ ತಾಗೋ ಹಾಗೆ ಇಳಿಸ್ಕೊಂಡು ಹೋಗೋದೇ ಫ್ಯಾಶನ್ ಆಗಿತ್ತು, ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ಈಗ ಕಿವಿ ತುದಿ ಭುಜದ ದಿಬ್ಬಕ್ಕಿಂತ ಕೆಳಗೇ ಉಳಿದ್ರೆ ಅಂಕ ಹೋಗುತ್ತೆ, ಒಳ್ಳೇದಾಯ್ತು.

ಹುಡುಕ್ತಿದ್ದಾಗ ಒಂದು ಬಾರ್ನ್‌ಗೆ ಹೋದ್ರೆ ನಾವು ಬರೋಕೆ ಮುಂಚೆನೇ ಸ್ಯಾಡಲ್ ಹಾಕಿ ನಿಲ್ಸಿದ್ರು. ಹೊಟ್ಟೆ ಪಟ್ಟಿ ಬೆವರಲ್ಲಿ ತೊಯ್ದು ಹೋಗಿತ್ತು, ಮೂಗಿನ ಹೊಳ್ಳೆ ಇನ್ನೂ ಅರಳ್ತಾ ಇತ್ತು, ಅಂದ್ರೆ ಹಗ್ಗ ಕಟ್ಟಿ ಸುತ್ತ ಓಡಿಸಿ ಓಡಿಸಿ ದಣಿಸಿದ್ರು. ಎಷ್ಟು ಶಾಂತ ನೋಡಿ ಅಂದ್ರು ಮಾರೋರು. ಆ ಕುದುರೆ ಮುಖ ನೋಡಿ ಅಳು ಬಂತು, ಹತ್ತದೇ ವಾಪಸ್ ಬಂದೆ.

ಈಗಿರೋ ಕ್ವಾರ್ಟರ್ ಹಾರ್ಸ್ (ಅಮೆರಿಕದ ಒಂದು ತಳಿ) ಹೆಣ್ಣನ್ನ ನಾನೇ ಸ್ಟಾಲ್‌ನಿಂದ ಹೊರಗೆ ತಂದು ಸ್ಯಾಡಲ್ ಹಾಕಿ ಹಾಗೇ ಹತ್ತಿದೆ, ಮೊದಲ ಸುತ್ತಲ್ಲೇ ಲೋಪ್ ಕೇಳಿದೆ, ಮೂರೂ ತಾಳ ಸ್ಪಷ್ಟ. ವೆಟ್ ಕೂಡ ನಾನೇ ಗೊತ್ತು ಮಾಡಿದ್ದು. ಕಾಲು ಮಡಚಿ ಹಿಡಿದು ಬಿಟ್ಟು ಟ್ರಾಟ್ ಮಾಡ್ಸಿ ಕುಂಟುತ್ತಾ ಅಂತ ನೋಡೋದು, ಮುಂಗಾಲಿನ ಗೊರಸಿಗೆ ಎಕ್ಸ್‌ರೇ (ನ್ಯಾವಿಕ್ಯುಲರ್, ಅಂದ್ರೆ ಗೊರಸೊಳಗಿನ ಒಂದು ಸಣ್ಣ ಮೂಳೆಯ ತೊಂದರೆ ಈ ತಳಿಗೆ ಜಾಸ್ತಿ), ಮದ್ದಿನ ಸುಳಿವು ಸಿಗೋಕೆ ರಕ್ತ ಪರೀಕ್ಷೆ. ಜೀನ್ ಟೆಸ್ಟ್ ಬೇರೆ. 1969ರಲ್ಲಿ ಹುಟ್ಟಿದ ಇಂಪ್ರೆಸಿವ್ ಅನ್ನೋ ಗಂಡು ಕುದುರೆಯ ಮಾಂಸಖಂಡಕ್ಕೆ ಎಲ್ಲರೂ ಮರುಳಾಗಿ ಅದರ ಸಂತಾನ ಬೆಳೆಸಿದ್ರು, ಜೊತೆಗೇ ಎಚ್‌ವೈಪಿಪಿ ಅನ್ನೋ ರೋಗನೂ ಹರಡಿತು, ಮೈ ನಡುಗಿ ಕುದುರೆ ಕುಸಿದೇ ಬೀಳಬಹುದು. ತಂದೆ ತಾಯಿ ಇಬ್ಬರಿಂದಲೂ ಅದು ಬಂದಿರೋ ಮರಿಗಳು 2007ರಿಂದ ಹುಟ್ಟಿದ್ರೆ ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ ರಿಜಿಸ್ಟರೇ ಮಾಡಲ್ಲ.

ಎಲ್ಲ ರಿಪೋರ್ಟ್ ಕೈಗೆ ಬಂದ ಮೇಲೇ ಚೆಕ್ ಬರೆದಿದ್ದು. ನಿಮ್ಮಲ್ಲಿ ಯಾರಾದ್ರೂ ನಿಜವಾಗ್ಲೂ ತಗೊಳ್ಳೋರಿದ್ರೆ ಹೇಳಿ, ನೋಡೋಕೆ ಜೊತೆಗೆ ನಾನೂ ಬರ್ತೀನಿ.